ಲಾ ಓದುವವರಿಗೆ ಪಿಯುಸಿಯಲ್ಲಿ ಯಾವ ಕಾಂಬಿನೇಷನ್?

ಎಸ್ಸೆಸ್ಸೆಲ್ಸಿ ಫಲಿತಾಂಶ ಬಂತೆಂದರೆ ಮತ್ತೋಡು, ಮಾಡದಕೆರೆ, ಶ್ರೀರಾಂಪುರ ಕಡೆಯ ಬಸ್ಸುಗಳು ಹೊಸದುರ್ಗಕ್ಕೆ ಅಪ್ಪ-ಮಕ್ಕಳನ್ನು ತಂದು ಇಳಿಸುತ್ತವೆ. ಕೈಯಲ್ಲಿ ಅಂಕಪಟ್ಟಿ, ಟಿ.ಸಿ., ಜಾತಿ-ಆದಾಯ ಪ್ರಮಾಣಪತ್ರ ತುಂಬಿದ ಪ್ಲಾಸ್ಟಿಕ್ ಕವರು. ಪಿಯು ಕಾಲೇಜಿನ ಅರ್ಜಿಯಲ್ಲಿ ವಿಭಾಗ ತುಂಬುವ ಜಾಗಕ್ಕೆ ಬಂದಾಗ ಪೆನ್ನು ನಿಲ್ಲುತ್ತದೆ. ಮಗಳಿಗೆ ಲಾಯರ್ ಆಗುವ ಆಸೆ ಎಂದು ಅಪ್ಪ ಹೇಳಿದರೆ ಒಬ್ಬರು ‘ಹಂಗಾದ್ರೆ ಆರ್ಟ್ಸೇ ಸರಿ’ ಅನ್ನುತ್ತಾರೆ. ಇನ್ನೊಬ್ಬರು ‘ಇಷ್ಟು ಮಾರ್ಕ್ಸ್ ಬಂದಿರೋ ಹುಡುಗೀನ ಆರ್ಟ್ಸಿಗೆ ಹಾಕ್ತೀರಾ? ಸೈನ್ಸ್ ಮಾಡ್ಲಿ, ಲಾ ಆಮೇಲೂ ಓದಬಹುದು’ ಅನ್ನುತ್ತಾರೆ. ಇಬ್ಬರೂ ಪೂರ್ತಿ ತಪ್ಪಲ್ಲ. ಆದರೆ ಇಬ್ಬರೂ ನಿಯಮವನ್ನು ಓದಿ ಮಾತಾಡುತ್ತಿರುವುದಿಲ್ಲ.

ನಿಯಮ ಬಹಳ ಸರಳ. ದೇಶದ ಕಾನೂನು ಶಿಕ್ಷಣವನ್ನು ನಿಯಂತ್ರಿಸುವುದು ಭಾರತೀಯ ವಕೀಲರ ಪರಿಷತ್ತು. ಅದು 2008ರಲ್ಲಿ ಮಾಡಿದ ಕಾನೂನು ಶಿಕ್ಷಣ ನಿಯಮಗಳ ಪ್ರಕಾರ ಐದು ವರ್ಷದ ಕೋರ್ಸಿಗೆ ಪಿಯುಸಿ ಅಥವಾ ಅದಕ್ಕೆ ಸಮನಾದ ಪರೀಕ್ಷೆ ಪಾಸಾಗಿರಬೇಕು. ಸಾಮಾನ್ಯ ವರ್ಗಕ್ಕೆ ಶೇ 45, ಹಿಂದುಳಿದ ವರ್ಗಕ್ಕೆ ಶೇ 42, ಪರಿಶಿಷ್ಟ ಜಾತಿ ಮತ್ತು ಪಂಗಡಕ್ಕೆ ಶೇ 40 ಅಂಕ ಇರಬೇಕು. ಅಷ್ಟೇ. ಇತಿಹಾಸ ಓದಿರಬೇಕೆಂದಾಗಲಿ, ರಾಜ್ಯಶಾಸ್ತ್ರ ಓದಿರಬೇಕೆಂದಾಗಲಿ ಎಲ್ಲೂ ಹೇಳಿಲ್ಲ. ವಿಜ್ಞಾನದ ಪಿಸಿಎಂಬಿ ಓದಿದವರೂ ಸೈ, ಎಚ್‌ಇಪಿಎಸ್ (ಇತಿಹಾಸ, ಅರ್ಥಶಾಸ್ತ್ರ, ರಾಜ್ಯಶಾಸ್ತ್ರ, ಸಮಾಜಶಾಸ್ತ್ರ) ಓದಿದವರೂ ಸೈ, ಅಕೌಂಟೆನ್ಸಿ ಓದಿದವರೂ ಸೈ. ಹುಬ್ಬಳ್ಳಿಯ ಕರ್ನಾಟಕ ರಾಜ್ಯ ಕಾನೂನು ವಿಶ್ವವಿದ್ಯಾಲಯ 2009ರಲ್ಲಿ ಆರಂಭವಾದ ಮೇಲೆ ರಾಜ್ಯದ ಬಹುತೇಕ ಲಾ ಕಾಲೇಜುಗಳು, ಚಿತ್ರದುರ್ಗದ ಸರಸ್ವತಿ ಕಾನೂನು ಕಾಲೇಜೂ ಸೇರಿದಂತೆ, ಅದರಡಿ ಬಂದಿವೆ. ಅಲ್ಲಿ ಪ್ರವೇಶ ಪರೀಕ್ಷೆಯ ಗೋಜಿಲ್ಲ, ಸೀಟು ಸಿಗುವುದು ಅಂಕದ ಮೇಲೆ.

ಹೊರದೇಶದಲ್ಲೂ ಕಥೆ ಹೆಚ್ಚು ಬೇರೆಯಲ್ಲ. ಬ್ರಿಟನ್ನಿನಲ್ಲಿ ಆಕ್ಸ್‌ಫರ್ಡ್ ಮೊದಲಾದ ಕೆಲವು ವಿಶ್ವವಿದ್ಯಾಲಯಗಳು ‘ಎಲ್‌ನ್ಯಾಟ್’ ಎಂಬ ಪರೀಕ್ಷೆ ನಡೆಸುತ್ತವೆ. ಅದರಲ್ಲಿ ಕಾನೂನಿನ ಒಂದೇ ಒಂದು ಪ್ರಶ್ನೆಯೂ ಇರುವುದಿಲ್ಲ, ಓದಿದ್ದನ್ನು ಅರ್ಥಮಾಡಿಕೊಂಡು ವಾದ ಕಟ್ಟಲು ಬರುತ್ತದೆಯೇ ಎಂದಷ್ಟೇ ನೋಡುತ್ತಾರೆ. ಅಮೆರಿಕದಲ್ಲಿ ಕಾನೂನು ಓದುವುದೇ ಪದವಿಯ ನಂತರ, ಆ ಪದವಿ ಯಾವುದಿದ್ದರೂ ನಡೆಯುತ್ತದೆ.

ಹಾಗಾದರೆ ಪ್ರಶ್ನೆಯೇ ಮುಗಿಯಿತಲ್ಲ ಎನ್ನಬಹುದು. ಮುಗಿಯಲಿಲ್ಲ. ಪ್ರವೇಶಕ್ಕೆ ಬೇಕಿಲ್ಲದ ವಿಷಯ ವೃತ್ತಿಗೆ ಬೇಕಾಗಬಹುದು. ಹೊಸದುರ್ಗದ ಕೋರ್ಟಿನಲ್ಲಿ, ಹೊಳಲ್ಕೆರೆ, ಹಿರಿಯೂರು, ಚಿತ್ರದುರ್ಗದ ಕೋರ್ಟುಗಳಲ್ಲಿ ವಕೀಲರ ಮೇಜಿನ ಮೇಲೆ ದಿನಾ ಬಂದು ಬೀಳುವ ಕಡತಗಳನ್ನು ನೋಡಿದರೆ ಯಾವ ವಿಷಯ ಎಲ್ಲಿ ಕೆಲಸಕ್ಕೆ ಬರುತ್ತದೆ ಎಂಬುದು ತಾನಾಗಿ ಗೊತ್ತಾಗುತ್ತದೆ.

ಈ ಭಾಗದಲ್ಲಿ ವ್ಯಾಜ್ಯವೆಂದರೆ ಮೊದಲು ಜಮೀನು. ಪಾಲಿನ ದಾವೆ, ನಿರ್ಬಂಧಕಾಜ್ಞೆ, ಹದ್ದುಬಸ್ತು, ಪೋಡಿ, ಪಹಣಿಯಲ್ಲಿ ತಪ್ಪಿದ ಹೆಸರು. ಪಾಲಿನ ದಾವೆಯನ್ನೇ ತೆಗೆದುಕೊಳ್ಳಿ. ಅಜ್ಜನ ಕಾಲದಲ್ಲಿ ಆದ ಬಾಯಿಮಾತಿನ ಹಿಸ್ಸೆ ಊರ್ಜಿತವೇ, ಅತ್ತೆಗೆ ಪಾಲಿದೆಯೇ, ಅಕ್ಕನಿಗೆ ಎಷ್ಟು ಎಂಬ ಪ್ರಶ್ನೆಗೆ ಉತ್ತರ ಇಸವಿಯನ್ನು ಅವಲಂಬಿಸಿದೆ. ಮೈಸೂರು ಸಂಸ್ಥಾನ 1933ರಲ್ಲೇ ಹಿಂದೂ ಮಹಿಳೆಯರ ಹಕ್ಕುಗಳ ಕಾಯ್ದೆ ತಂದು ವಿಧವೆಗೆ, ತಾಯಿಗೆ, ಮದುವೆಯಾಗದ ಹೆಣ್ಣುಮಕ್ಕಳಿಗೆ ಪಾಲಿನಲ್ಲಿ ಹಕ್ಕು ಕೊಟ್ಟಿತ್ತು. ಚಿತ್ರದುರ್ಗ ಆಗ ಮೈಸೂರು ಸಂಸ್ಥಾನದ ಜಿಲ್ಲೆ, ಆದ್ದರಿಂದ ಮತ್ತೋಡಿನ ಮನೆತನಕ್ಕೆ ಅದು ಅನ್ವಯಿಸುತ್ತಿತ್ತು. ಪಕ್ಕದ ಬಳ್ಳಾರಿ ಜಿಲ್ಲೆ ಮದ್ರಾಸ್ ಪ್ರಾಂತ್ಯದಲ್ಲಿತ್ತು, ಅಲ್ಲಿನವರಿಗೆ ಇರಲಿಲ್ಲ. ಆಮೇಲೆ 1956ರ ಹಿಂದೂ ಉತ್ತರಾಧಿಕಾರ ಕಾಯ್ದೆ ಬಂತು. 1994ರಲ್ಲಿ ಕರ್ನಾಟಕ ತನ್ನದೇ ತಿದ್ದುಪಡಿ ತಂದು, ಅದಕ್ಕೆ ಮುಂಚೆ ಮದುವೆಯಾದವರನ್ನು ಬಿಟ್ಟು, ಹೆಣ್ಣುಮಕ್ಕಳನ್ನು ಪಿತ್ರಾರ್ಜಿತಕ್ಕೆ ಹಕ್ಕುದಾರರನ್ನಾಗಿ ಮಾಡಿತು. 2005ರಲ್ಲಿ ಕೇಂದ್ರದ ತಿದ್ದುಪಡಿ ಮದುವೆಯ ಆ ಷರತ್ತನ್ನೂ ತೆಗೆಯಿತು. ತಿದ್ದುಪಡಿ ಬಂದ ದಿನ ತಂದೆ ಬದುಕಿರಲೇಬೇಕೆಂದೇನಿಲ್ಲ ಎಂದು ಸುಪ್ರೀಂ ಕೋರ್ಟ್ ವಿನೀತಾ ಶರ್ಮಾ ಪ್ರಕರಣದಲ್ಲಿ 2020ರ ಆಗಸ್ಟ್ 11ರಂದು ಹೇಳಿತು. ಒಂದೇ ಮನೆಯ ಒಂದೇ ಜಮೀನಿನ ಮೇಲೆ ಇಷ್ಟು ಕಾಲಗಳ ಕಾನೂನು ಬಿದ್ದಿದೆ. ಇತಿಹಾಸವನ್ನು ಇಸವಿಗಳ ಪಟ್ಟಿ ಎಂದು ಬಾಯಿಪಾಠ ಮಾಡಿ ಮರೆತವರಿಗೆ ಇದು ತಲೆನೋವು. ಯಾವುದರ ನಂತರ ಯಾವುದು, ಏಕೆ ಎಂದು ಯೋಚಿಸಲು ಕಲಿತವರಿಗೆ ಇದೇ ಅನ್ನ.

ಜಮೀನಿನ ಕಾನೂನಿಗೆ ಇನ್ನೂ ಒಂದು ಪದರವಿದೆ. ಮತ್ತೋಡು ಪಾಳೆಯಗಾರರು ಆಳಿದ ಊರು. ಇಂಥ ಊರುಗಳ ಹಳೆಯ ದಾಖಲೆಗಳಲ್ಲಿ ಇನಾಂ, ತಳವಾರಿಕೆ, ತೋಟಿ, ಶಾನುಭೋಗಿಕೆಯ ಜಮೀನುಗಳು ಬರುತ್ತವೆ. ಗ್ರಾಮಾಧಿಕಾರಗಳ ರದ್ದಿಯಾತಿಗೆ 1961ರ ಕಾಯ್ದೆ ಇದೆ, ಗೇಣಿ ಜಮೀನು ಸರ್ಕಾರಕ್ಕೆ ಸೇರಿದ್ದು 1974ರ ಮಾರ್ಚ್ 1ರಂದು, ಪರಿಶಿಷ್ಟರಿಗೆ ಮಂಜೂರಾದ ಜಮೀನಿನ ಪರಭಾರೆ ತಡೆಯಲು ಬಂದದ್ದು 1978ರ ಪಿಟಿಸಿಎಲ್ ಕಾಯ್ದೆ. ಇವೆಲ್ಲ ರಾಜಕೀಯ ತೀರ್ಮಾನಗಳ ಕೂಸುಗಳು. ಯಾರ ಒತ್ತಾಯಕ್ಕೆ, ಯಾವ ಸರ್ಕಾರದಲ್ಲಿ, ಏಕೆ ಬಂದವು ಎಂದು ತಿಳಿದವರು ಕಲಮನ್ನು ಓದುವ ರೀತಿಯೇ ಬೇರೆ. ಸಮಾಜಶಾಸ್ತ್ರ, ರಾಜ್ಯಶಾಸ್ತ್ರದ ಪಠ್ಯಪುಸ್ತಕ ಇದನ್ನೆಲ್ಲ ಹೇಳಿಕೊಡುವುದಿಲ್ಲ, ನಿಜ. ಆದರೆ ಈ ಬಗೆಯ ಪ್ರಶ್ನೆ ಕೇಳುವ ರೂಢಿ ಬೆಳೆಯುವುದು ಅಲ್ಲೇ.

ಹಾಗೆಂದು ಗಣಿತಕ್ಕೆ ನಮಸ್ಕಾರ ಹಾಕಿ ಆರ್ಟ್ಸ್ ಸೇರುತ್ತೇನೆ ಎನ್ನುವವರಿಗೆ ಒಂದು ಮಾತು. ಬೆಂಗಳೂರು–ಪುಣೆ ಹೆದ್ದಾರಿ ಹಿರಿಯೂರು, ಚಿತ್ರದುರ್ಗವನ್ನು ಹಾದು ಹೋಗುತ್ತದೆ. ಅಪಘಾತ ಪರಿಹಾರದ ಅರ್ಜಿಗಳು ಇಲ್ಲಿನ ವಕೀಲರಿಗೆ ಹೊಸತಲ್ಲ. ಆ ಪರಿಹಾರವನ್ನು ಹೃದಯದಿಂದ ಕೇಳಲಾಗುವುದಿಲ್ಲ, ಲೆಕ್ಕ ಹಾಕಿ ಕೇಳಬೇಕು. 32 ವರ್ಷದ ಲಾರಿ ಡ್ರೈವರ್ ಒಬ್ಬರು ತೀರಿಕೊಂಡರು, ತಿಂಗಳ ಸಂಪಾದನೆ 15,000 ರೂಪಾಯಿ, ಮನೆಯಲ್ಲಿ ಹೆಂಡತಿ, ಇಬ್ಬರು ಮಕ್ಕಳು, ತಾಯಿ ಎಂದಿಟ್ಟುಕೊಳ್ಳೋಣ. 2017ರ ಪ್ರಣಯ್ ಸೇಠಿ ತೀರ್ಪಿನಂತೆ, ಕಾಯಂ ನೌಕರಿ ಇಲ್ಲದ 40ರೊಳಗಿನವರಿಗೆ ಮುಂದೆ ಹೆಚ್ಚಬಹುದಾಗಿದ್ದ ಆದಾಯವೆಂದು ಶೇ 40 ಸೇರಿಸಬೇಕು, 21,000 ಆಯಿತು. 2009ರ ಸರಳಾ ವರ್ಮಾ ತೀರ್ಪಿನಂತೆ ಅವಲಂಬಿತರು ನಾಲ್ವರಿದ್ದರೆ ಸ್ವಂತ ಖರ್ಚೆಂದು ಕಾಲು ಭಾಗ ಕಳೆಯಬೇಕು; ಉಳಿದದ್ದು 15,750. ವರ್ಷಕ್ಕೆ 1,89,000. ಆ ವಯಸ್ಸಿಗೆ ಗುಣಕ 16. ಒಟ್ಟು 30,24,000 ರೂಪಾಯಿ, ಅದರ ಮೇಲೆ ಅಂತ್ಯಕ್ರಿಯೆ ಇತ್ಯಾದಿ ಬಾಬ್ತು. ಗುಣಕ 16ರ ಬದಲು 15 ಹಾಕಿದರೆ ಆ ಹೆಂಡತಿ-ಮಕ್ಕಳ ಕೈಯಿಂದ ಸುಮಾರು 1.9 ಲಕ್ಷ ಜಾರಿತು. ಭದ್ರಾ ಮೇಲ್ದಂಡೆಯ ಕಾಲುವೆಗೋ ರಸ್ತೆಗೋ ಜಮೀನು ಹೋದವರ ಪರಿಹಾರವೂ ಇಂಥದ್ದೇ ಲೆಕ್ಕ: ಮಾರುಕಟ್ಟೆ ಬೆಲೆ, 2013ರ ಕಾಯ್ದೆಯ ಪ್ರಕಾರ ಅದರ ಮೇಲೆ ಶೇ 100 ಸಾಂತ್ವನ ಧನ, ಮೇಲೆ ಬಡ್ಡಿ. ಇದಕ್ಕೆ ಪಿಯುಸಿ ಗಣಿತ ಬೇಡ, ಹತ್ತನೇ ತರಗತಿಯದು ಸಾಕು. ಆದರೆ ಅಷ್ಟು ಮರೆಯದೆ ಉಳಿದಿರಬೇಕು.

ಕಾಮರ್ಸ್ ಬಗ್ಗೆ ಹೆಚ್ಚು ಹೇಳಬೇಕಿಲ್ಲ. ತಾಲ್ಲೂಕು ಕೋರ್ಟುಗಳಲ್ಲಿ ಜಮೀನು ಬಿಟ್ಟರೆ ಚೆಕ್‌ಬೌನ್ಸ್ ಕೇಸುಗಳದ್ದೇ ಸಂತೆ. ಚೆಕ್ ವಾಪಸಾದ ಮಾಹಿತಿ ಬಂದ 30 ದಿನದೊಳಗೆ ನೋಟಿಸು, ಹಣ ಕೊಡಲು 15 ದಿನ, ಆಮೇಲೆ ಒಂದು ತಿಂಗಳಲ್ಲಿ ದೂರು. ಲೆಡ್ಜರ್, ಬ್ಯಾಂಕ್ ಸ್ಟೇಟ್‌ಮೆಂಟ್ ಓದಲು ಬರುವವರು ಪಾಟಿ ಸವಾಲಿನಲ್ಲಿ ಸಾಲಗಾರನನ್ನೂ ಕೊಟ್ಟವನನ್ನೂ ಬೇಗ ಹಿಡಿಯುತ್ತಾರೆ. ಮುಂದೆ ಜಿಎಸ್‌ಟಿ, ಕಂಪನಿ ಕಾನೂನಿಗೆ ಹೋಗುವ ಮನಸ್ಸಿದ್ದವರಿಗೆ ಇದು ನೇರ ದಾರಿ.

ವಿಜ್ಞಾನದ ಪ್ರಶ್ನೆಯನ್ನು ಸ್ವಲ್ಪ ನಿಧಾನವಾಗಿ ನೋಡಬೇಕು, ಏಕೆಂದರೆ ನಮ್ಮ ಕಡೆ ಗೊಂದಲ ಇರುವುದು ಅಲ್ಲೇ. ಸೈನ್ಸ್ ಓದಿ ಲಾಗೆ ಬಂದವರಿಗೆ ಅಡ್ಡಿಯೇನಿಲ್ಲ. ಮುಖ್ಯಮಂತ್ರಿ ಗಾದಿಯವರೆಗೆ ಹೋದ ಸಿದ್ದರಾಮಯ್ಯನವರು ಮೈಸೂರಿನಲ್ಲಿ ಬಿಎಸ್ಸಿ ಮಾಡಿ ಆಮೇಲೆ ಕಾನೂನು ಓದಿದವರು. ಮರಣೋತ್ತರ ಪರೀಕ್ಷೆಯ ವರದಿ, ಡಿಎನ್‌ಎ ವರದಿ ಮುಂದಿಟ್ಟುಕೊಂಡು ವೈದ್ಯರನ್ನು ಪಾಟಿ ಸವಾಲು ಮಾಡುವಾಗ ಜೀವಶಾಸ್ತ್ರದ ಪರಿಚಯ ಕೈಹಿಡಿಯುತ್ತದೆ. ಒಂದೇ ಒಂದು ಕಡೆ ಮಾತ್ರ ವಿಜ್ಞಾನವಿಲ್ಲದೆ ಬಾಗಿಲು ನಿಜವಾಗಿಯೂ ಮುಚ್ಚಿದೆ: ಪೇಟೆಂಟ್ ಏಜೆಂಟ್ ಆಗಲು ವಿಜ್ಞಾನ, ಎಂಜಿನಿಯರಿಂಗ್ ಅಥವಾ ತಂತ್ರಜ್ಞಾನದ ಪದವಿಯೇ ಬೇಕು, ಕಾನೂನು ಪದವಿಯೊಂದೇ ಇದ್ದರೆ ಸಾಲದು. ಬೆಂಗಳೂರಿನಲ್ಲಿ ಆ ಕೆಲಸಕ್ಕೆ ಬೇಡಿಕೆಯೂ ಇದೆ. ಅಂಥ ಗುರಿ ಇರುವ ಮಗು ಸೈನ್ಸ್ ತೆಗೆದುಕೊಳ್ಳಲಿ.

ಆದರೆ ನಮ್ಮಲ್ಲಿ ಸೈನ್ಸಿಗೆ ಹಾಕುವ ಕಾರಣ ಅದಲ್ಲ. ‘ಎಲ್ಲಾ ದಾರಿ ತೆರೆದಿರಲಿ’ ಎಂಬುದು ಒಂದು, ‘ಆರ್ಟ್ಸ್ ಎಂದರೆ ಎಲ್ಲೂ ಸೀಟು ಸಿಗದವರು’ ಎಂಬ ತಾತ್ಸಾರ ಇನ್ನೊಂದು. ಮೊದಲ ವಾದಕ್ಕೆ ಒಂದಷ್ಟು ತೂಕವಿದೆ, ಸೈನ್ಸಿನಿಂದ ಆರ್ಟ್ಸಿಗೆ ಇಳಿಯಬಹುದು, ಮೇಲೆ ಹತ್ತಲಾಗದು ಎಂಬುದು ವ್ಯವಸ್ಥೆಯ ಸತ್ಯ. ಅದಕ್ಕೆ ತೆರುವ ಬೆಲೆಯನ್ನು ಯಾರೂ ಹೇಳುವುದಿಲ್ಲ. ಲಾ ಓದುವ ಮನಸ್ಸಿರುವ ಹುಡುಗಿ ಎರಡು ವರ್ಷ ಸಿಇಟಿ-ನೀಟ್ ಗುಂಗಿನಲ್ಲಿ, ಪ್ರಾಕ್ಟಿಕಲ್ ರೆಕಾರ್ಡ್ ಬರೆಯುತ್ತ, ಟ್ಯೂಷನ್ನಿಗೆ ಓಡುತ್ತ ಕಳೆದರೆ ಒಂದು ಪತ್ರಿಕೆಯ ಸಂಪಾದಕೀಯವನ್ನೂ ಓದಿರುವುದಿಲ್ಲ. ಮೇಲಾಗಿ ಚಿತ್ರದುರ್ಗದ ಲಾ ಕಾಲೇಜಿಗೆ ಸೇರುವಾಗ ಎಣಿಸುವುದು ಶೇಕಡಾವಾರು. ಭೌತಶಾಸ್ತ್ರದಲ್ಲಿ ಏದುಸಿರು ಬಿಟ್ಟು ಬಂದ 55ಕ್ಕಿಂತ ಇತಿಹಾಸದಲ್ಲಿ ಇಷ್ಟಪಟ್ಟು ಬಂದ 85 ಹೆಚ್ಚು ಕೆಲಸ ಮಾಡುತ್ತದೆ. ಲಾ ಎಂಬುದೇ ಖಚಿತವಾಗಿದ್ದರೆ ಸೈನ್ಸ್ ಮಾಡಿಸುವುದು ಮಗುವಿನ ಎರಡು ವರ್ಷವನ್ನು ನೆಂಟರ ಬಾಯಿಗೆ ಒಪ್ಪಿಸಿದಂತೆ ಎಂದೇ ನನ್ನ ಅಭಿಪ್ರಾಯ.

ಇಷ್ಟೆಲ್ಲ ಹೇಳಿದ ಮೇಲೂ, ಈ ನಾಲ್ಕು ವಿಷಯಗಳ ಆಯ್ಕೆಗಿಂತ ದೊಡ್ಡದು ಯಾರೂ ಆಯ್ಕೆ ಎಂದು ಭಾವಿಸದ ಉಳಿದ ಎರಡು. ಪಿಯುಸಿಯ ಆರು ವಿಷಯಗಳಲ್ಲಿ ಎರಡು ಭಾಷೆಗಳು. ಇಂಗ್ಲಿಷ್ ಪಾಸಾದರೆ ಸಾಕು, ಕನ್ನಡ ತಾನಾಗಿ ಬರುತ್ತದೆ ಎಂದು ಬಿಟ್ಟುಬಿಡುವ ಆ ಎರಡರ ಮೇಲೆಯೇ ವಕೀಲಿ ವೃತ್ತಿ ನಿಂತಿದೆ.

ಹೊಸದುರ್ಗದ ಕೋರ್ಟಿನಲ್ಲಿ ಸಾಕ್ಷಿ ಹೇಳುವುದು ಕನ್ನಡದಲ್ಲಿ, ಅದೂ ಈ ಸೀಮೆಯ ಕನ್ನಡದಲ್ಲಿ. ದಾವಾಪತ್ರ ಕನ್ನಡದಲ್ಲಿ ಬರೆಯಬಹುದು, ಕ್ರಯಪತ್ರ, ಪಹಣಿ, ಮೂಲ ಟಿಪ್ಪಣಿ ಎಲ್ಲ ಕನ್ನಡವೇ. ಅದೇ ಕೇಸು ಮೇಲ್ಮನವಿಯಾಗಿ ಬೆಂಗಳೂರಿನ ಹೈಕೋರ್ಟಿಗೆ ಹೋದರೆ ಸಂವಿಧಾನದ 348ನೇ ವಿಧಿಯ ಪ್ರಕಾರ ಅಲ್ಲಿನ ಭಾಷೆ ಇಂಗ್ಲಿಷ್. 2024ರ ಡಿಸೆಂಬರಿನಲ್ಲಿ ಹೈಕೋರ್ಟಿನ ವಿಭಾಗೀಯ ಪೀಠ ಕನ್ನಡದಲ್ಲಿ ತೀರ್ಪು ಕೊಟ್ಟಾಗ ಅದು ಸುದ್ದಿಯಾಯಿತು ಎಂದರೆ ಉಳಿದ ದಿನಗಳ ರೂಢಿ ಏನೆಂದು ತಿಳಿಯುತ್ತದೆ. ಈ ಎರಡು ಲೋಕಗಳ ನಡುವೆ ಓಡಾಡುವವನೇ ವಕೀಲ. ಸಿವಿಲ್ ನ್ಯಾಯಾಧೀಶರ ನೇಮಕಾತಿಯ ಮುಖ್ಯ ಪರೀಕ್ಷೆಯಲ್ಲಿ ಕಾನೂನಿನ ಮೂರು ಪತ್ರಿಕೆಗಳ ಜೊತೆ ಅನುವಾದದ್ದೇ ಒಂದು ಪತ್ರಿಕೆ ಇದೆ: ಕನ್ನಡದ ಸಾಕ್ಷ್ಯವನ್ನು ಇಂಗ್ಲಿಷಿಗೆ, ಇಂಗ್ಲಿಷಿನದನ್ನು ಕನ್ನಡಕ್ಕೆ. ಇಂಗ್ಲಿಷ್ ಮೀಡಿಯಂ ಹುಡುಗರು ಕನ್ನಡದ ಕಡೆ ಎಡವುತ್ತಾರೆ, ನಮ್ಮ ಹಳ್ಳಿಯ ಹುಡುಗರು ಇಂಗ್ಲಿಷಿನ ಕಡೆ.

ಕನ್ನಡ ಮಾಧ್ಯಮದಲ್ಲಿ ಓದಿದವರು ಕಾನೂನು ಓದಲಾರರು ಎಂಬ ಭಯಕ್ಕೆ ಆಧಾರವಿಲ್ಲ. ರಾಜ್ಯ ಕಾನೂನು ವಿಶ್ವವಿದ್ಯಾಲಯದ ಪರೀಕ್ಷೆಗಳಲ್ಲಿ ಕನ್ನಡದಲ್ಲೇ ಉತ್ತರ ಬರೆಯುವ ಅವಕಾಶವಿದೆ, ಬರೆದು ಪಾಸಾಗಿ ಚೆನ್ನಾಗಿ ವಕೀಲಿ ಮಾಡುತ್ತಿರುವವರೂ ಇದ್ದಾರೆ. ಆದರೆ ಒಳ್ಳೆಯ ಪುಸ್ತಕಗಳು, ಸುಪ್ರೀಂ ಕೋರ್ಟಿನ ತೀರ್ಪುಗಳು ಇರುವುದು ಇಂಗ್ಲಿಷಿನಲ್ಲಿ. ಬರೆಯುವ ಭಾಷೆ ಯಾವುದಾದರೂ ಇರಲಿ, ಇಂಗ್ಲಿಷಿನ ಎರಡು ಪುಟ ಓದಿ ಸಾರವನ್ನು ಕನ್ನಡದಲ್ಲಿ ಹೇಳುವ ಶಕ್ತಿ ಪಿಯುಸಿ ಮುಗಿಯುವ ಹೊತ್ತಿಗೆ ಬಂದಿರಬೇಕು. ನಾನು ಕಂಡ ಮಟ್ಟಿಗೆ ಲಾ ಕಾಲೇಜು ಬಿಟ್ಟು ಬರುವ ಹುಡುಗರು ಬಿಡುವುದು ಅರ್ಥಶಾಸ್ತ್ರ ಬಾರದೆ ಅಲ್ಲ, ಇದು ಬಾರದೆ.

ಭಾಷೆಯ ಗೋಡೆ ಅತಿ ಎತ್ತರವಾಗಿರುವುದು ರಾಷ್ಟ್ರೀಯ ಕಾನೂನು ಶಾಲೆಗಳ ಬಾಗಿಲಲ್ಲಿ. ಬೆಂಗಳೂರಿನ ನಾಗರಭಾವಿಯ ನ್ಯಾಷನಲ್ ಲಾ ಸ್ಕೂಲಿಗೆ, ದೇಶದ ಅಂಥ ಬಹುತೇಕ ಸಂಸ್ಥೆಗಳಿಗೆ 2008ರಿಂದ ‘ಕ್ಲಾಟ್’ ಪರೀಕ್ಷೆ ಇದೆ. ಎರಡು ಗಂಟೆ, 120 ಪ್ರಶ್ನೆ, ತಪ್ಪಿಗೆ ಕಾಲು ಅಂಕ ಕಡಿತ. ಇಂಗ್ಲಿಷ್, ಪ್ರಚಲಿತ ವಿದ್ಯಮಾನ, ಕಾನೂನು ತರ್ಕ, ಸಾಮಾನ್ಯ ತರ್ಕ, ಮತ್ತು ಶೇ 10ರಷ್ಟು ಹತ್ತನೇ ತರಗತಿ ಮಟ್ಟದ ಲೆಕ್ಕ. 2020ರಿಂದ ಬಿಡಿ ಪ್ರಶ್ನೆಗಳು ಹೋಗಿ, ಸುಮಾರು 450 ಪದಗಳ ಭಾಗಗಳನ್ನು ಓದಿ ಉತ್ತರಿಸುವ ಪದ್ಧತಿ ಬಂದಿದೆ. ಅಂದರೆ ಅದು ಓದುವ ವೇಗದ ಪರೀಕ್ಷೆ, ಪಿಯುಸಿ ವಿಷಯಕ್ಕೂ ಅದಕ್ಕೂ ಸಂಬಂಧ ತೀರಾ ಕಡಿಮೆ. ಪರೀಕ್ಷೆ ನಡೆಯುವುದು ಡಿಸೆಂಬರಿನಲ್ಲಿ, ದ್ವಿತೀಯ ಪಿಯು ಪಾಠ ಇನ್ನೂ ಮುಗಿದಿರದ ಸಮಯದಲ್ಲಿ. ಹಾಗಾಗಿ ‘ಪಿಯುಸಿ ಆಗಲಿ, ಆಮೇಲೆ ನೋಡೋಣ’ ಎಂದವರಿಗೆ ಒಂದು ವರ್ಷ ಹೋಯಿತೆಂದೇ ಲೆಕ್ಕ. ಪ್ರಶ್ನೆಪತ್ರಿಕೆ ಇರುವುದು ಇಂಗ್ಲಿಷಿನಲ್ಲಿ ಮಾತ್ರ. ಕರ್ನಾಟಕದ ನೆಲದಲ್ಲಿರುವ ಸಂಸ್ಥೆಗೆ ಕನ್ನಡದಲ್ಲಿ ಪರೀಕ್ಷೆ ಬರೆಯಲಾಗದು ಎಂಬುದು ನ್ಯಾಯವಲ್ಲ ಎಂದು ಹೇಳಲು ಹಿಂಜರಿಕೆ ಬೇಡ. ಅಲ್ಲಿ ಕರ್ನಾಟಕದಲ್ಲಿ ಕನಿಷ್ಠ 10 ವರ್ಷ ಓದಿದವರಿಗೆ ಶೇ 25 ಸ್ಥಾನ ಮೀಸಲಿರುವುದು ಒಂದು ಸಮಾಧಾನ. ಆದರೆ ಮೀಸಲಾತಿ ಪರೀಕ್ಷೆಯ ಭಾಷೆಯನ್ನು ಬದಲಿಸುವುದಿಲ್ಲ.

ಇನ್ನು ಐದು ವರ್ಷವೋ ಮೂರು ವರ್ಷವೋ ಎಂಬ ಪ್ರಶ್ನೆ. ಪಿಯುಸಿ ಆದ ಕೂಡಲೇ ಸೇರಿದರೆ ಬಿಎ ಎಲ್‌ಎಲ್‌ಬಿ ಐದು ವರ್ಷ. ಯಾವುದಾದರೂ ಪದವಿ ಮುಗಿಸಿ ಸೇರಿದರೆ ಮೂರು ವರ್ಷದ ಎಲ್‌ಎಲ್‌ಬಿ. ರಾಜ್ಯ ಸರ್ಕಾರ 2024ರಲ್ಲಿ ಪದವಿಯನ್ನು ಮತ್ತೆ ಮೂರು ವರ್ಷಕ್ಕೆ ಇಳಿಸಿರುವುದರಿಂದ ಈ ದಾರಿ ಒಟ್ಟು ಆರು ವರ್ಷ. ಪಿಯುಸಿಯ ನಂತರ ನೇರವಾಗಿ ಮೂರೇ ವರ್ಷದ ಲಾ ಕೋರ್ಸ್ ಇರಲಿ ಎಂಬ ಅರ್ಜಿಯನ್ನು ಸುಪ್ರೀಂ ಕೋರ್ಟ್ 2024ರ ಏಪ್ರಿಲ್‌ನಲ್ಲಿ ವಿಚಾರಣೆಗೇ ತೆಗೆದುಕೊಳ್ಳಲಿಲ್ಲ. ಒಂದು ವರ್ಷ ಉಳಿಯುತ್ತದೆ ಎಂದು ಎಲ್ಲರೂ ಐದು ವರ್ಷದ್ದನ್ನೇ ಹೊಗಳುತ್ತಾರೆ. ನನಗೆ ಹಳ್ಳಿಯ ಮಕ್ಕಳಿಗೆ ಮೂರು ವರ್ಷದ ದಾರಿ ವಾಸಿ ಎನ್ನಿಸುತ್ತದೆ. ಹದಿನೇಳಕ್ಕೆ ಲಾಯರ್ ಎಂದವರು ಇಪ್ಪತ್ತಕ್ಕೆ ಬೇರೆ ಹೇಳಬಹುದು, ಕೈಯಲ್ಲಿ ಒಂದು ಪದವಿ ಇರುತ್ತದೆ. ಇಂಗ್ಲಿಷ್ ಹತೋಟಿಗೆ ಬರಲು ಸಮಯ ಸಿಗುತ್ತದೆ. ಇನ್ನೊಂದು ಗುಟ್ಟೂ ಇದೆ: ಪಿಯುಸಿಯಲ್ಲಿ ಬರೀ ಪಾಸಾಗಿ ಶೇ 45 ತಲುಪದವರಿಗೆ ಐದು ವರ್ಷದ ಬಾಗಿಲು ಮುಚ್ಚಿದ್ದರೂ, ಪದವಿಯಲ್ಲಿ ಶೇ 45 ತೆಗೆದರೆ ಮೂರು ವರ್ಷದ್ದು ತೆರೆದಿದೆ. ಒಂದು ಎಚ್ಚರಿಕೆ: ಪಿಯುಸಿಯಂಥ ಮೆಟ್ಟಿಲು ಹತ್ತದೆ ಮುಕ್ತ ವಿಶ್ವವಿದ್ಯಾಲಯದಿಂದ ನೇರವಾಗಿ ಪದವಿ ಪಡೆದವರನ್ನು 2008ರ ನಿಯಮ ಒಪ್ಪುವುದಿಲ್ಲ. ಇದನ್ನು ಅರಿಯದೆ ದುಡ್ಡು ಕಳೆದುಕೊಳ್ಳುವವರು ಈಗಲೂ ಇದ್ದಾರೆ.

ಹಿಂದೆ ಈ ಆಯ್ಕೆಯೇ ಇರಲಿಲ್ಲ. ಚಿತ್ರದುರ್ಗದಲ್ಲಿ ವಕೀಲಿ ಮಾಡಿ ಮುಂದೆ ಮುಖ್ಯಮಂತ್ರಿಯಾದ ಎಸ್. ನಿಜಲಿಂಗಪ್ಪನವರು 1924ರಲ್ಲಿ ಬೆಂಗಳೂರಿನ ಸೆಂಟ್ರಲ್ ಕಾಲೇಜಿನಿಂದ ಬಿ.ಎ. ಪಡೆದರು. ಆಗ ಮೈಸೂರು ಸಂಸ್ಥಾನದಲ್ಲಿ ಲಾ ಕಾಲೇಜೇ ಇಲ್ಲ. ಬೆಂಗಳೂರಿನಲ್ಲಿ ಸರ್ಕಾರಿ ಲಾ ಕಾಲೇಜು ಶುರುವಾದದ್ದು 1948ರಲ್ಲಿ. ಅವರು ಪುಣೆಗೆ ಹೋಗಿ 1926ರಲ್ಲಿ ಕಾನೂನು ಪದವಿ ತಂದರು. ಕೆಂಗಲ್ ಹನುಮಂತಯ್ಯನವರೂ ಪುಣೆಯಲ್ಲೇ ಓದಿದವರು. ಅಂಬೇಡ್ಕರ್ ಬಿ.ಎ.ಗೆ ಓದಿದ್ದು ಅರ್ಥಶಾಸ್ತ್ರ, ರಾಜ್ಯಶಾಸ್ತ್ರ. ಸುಪ್ರೀಂ ಕೋರ್ಟಿನಲ್ಲಿರುವ ನಮ್ಮ ಕನ್ನಡತಿ ಬಿ.ವಿ. ನಾಗರತ್ನ ಪದವಿಯಲ್ಲಿ ಓದಿದ್ದು ಇತಿಹಾಸ. ಆರ್ಟ್ಸ್ ಎಂದರೆ ಮೂಗು ಮುರಿಯುವ ನೆಂಟರಿಗೆ ಈ ಹೆಸರುಗಳನ್ನು ಹೇಳಬಹುದು, ಆದರೆ ಹೆಸರು ಹೇಳಿ ಗೆಲ್ಲುವುದೂ ಒಂದು ಬಗೆಯ ಸೋಮಾರಿತನವೇ.

‘ಬಾಯಿ ಜೋರು, ಲಾಯರ್ ಮಾಡಿ’ ಎಂಬ ಮಾತು ಎಲ್ಲ ಮನೆಗಳಲ್ಲೂ ಇದೆ. ವಕೀಲರ ಕೆಲಸದಲ್ಲಿ ಬಾಯಿ ಜೋರು ಮಾಡುವ ಹೊತ್ತು ಕಡಿಮೆ, ತಲೆ ತಗ್ಗಿಸಿ ಓದುವ, ಬರೆಯುವ ಹೊತ್ತು ಜಾಸ್ತಿ. ಪಿಯುಸಿಯಲ್ಲಿ ತರ್ಕಶಾಸ್ತ್ರವೆಂಬ ಐಚ್ಛಿಕ ವಿಷಯವಿದೆ, ಲಾ ಓದುವವರಿಗೆ ಅಷ್ಟು ಹೊಂದುವ ವಿಷಯ ಇನ್ನೊಂದಿಲ್ಲ. ಅದನ್ನು ಹೇಳಿಕೊಡುವ ಕಾಲೇಜುಗಳು ಮಾತ್ರ ವಿರಳ. ಇರುವ ಕಾಂಬಿನೇಷನ್‌ಗಳಲ್ಲಿ ನನ್ನ ಮತ ಎಚ್‌ಇಪಿಎಸ್‌ಗೆ, ಲೆಕ್ಕ ಇಷ್ಟವಿರುವವರಿಗೆ ಅಕೌಂಟೆನ್ಸಿ ಇರುವ ಕಾಮರ್ಸಿಗೆ. ಪೇಟೆಂಟ್‌ನಂಥ ಸ್ಪಷ್ಟ ಗುರಿ ಇದ್ದರೆ ಮಾತ್ರ ಸೈನ್ಸ್. ಯಾವುದೇ ಆಗಲಿ, ದಿನಕ್ಕೆ ಒಂದು ಇಂಗ್ಲಿಷ್ ಪತ್ರಿಕೆಯ ಪುಟ, ಒಂದು ಕನ್ನಡ ಪತ್ರಿಕೆಯ ಪುಟ ತಪ್ಪಬಾರದು.

ತಂದೆ-ತಾಯಿಗಳಲ್ಲಿ ಒಂದು ವಿನಂತಿ. ನಮ್ಮ ನ್ಯಾಯಾಲಯಗಳ ಕಲಾಪ ಸಾರ್ವಜನಿಕರಿಗೆ ತೆರೆದಿರುತ್ತದೆ, ಯಾರು ಬೇಕಾದರೂ ಹೋಗಿ ಹಿಂದಿನ ಬೆಂಚಿನಲ್ಲಿ ಕೂರಬಹುದು, ಪೈಸೆ ಖರ್ಚಿಲ್ಲ. ಪಿಯು ಅರ್ಜಿ ತುಂಬುವ ಮೊದಲು ಮಗಳನ್ನೋ ಮಗನನ್ನೋ ಒಂದು ದಿನ ಹೊಸದುರ್ಗದ ಕೋರ್ಟಿಗೆ ಕರೆದುಕೊಂಡು ಹೋಗಿ ಬೆಳಗಿನಿಂದ ಸಂಜೆವರೆಗೆ ಕೂರಿಸಿ. ಇಡೀ ದಿನ ವಾಯಿದೆ, ಮೆಮೊ, ಸಾಕ್ಷಿ ನೋಡಿದ ಮೇಲೂ ಬೇಸರವಾಗದೆ ‘ನಾಳೆಯೂ ಬರೋಣ’ ಎಂದರೆ, ಆಮೇಲೆ ಕಾಂಬಿನೇಷನ್ ಮಾತಾಡಿ.